ಮಡಿ ಧೋತರದ ಮೇಲೆ ಪತಂಗಗಳು

ಬೇಲಾಪುರದ ನಮ್ಮ ಹೌಸಿಂಗ್ ಸೊಸೈಟಿಯ ಹಿಂದೆ ಎರಡು ಗುಡ್ಡಗಳನ್ನು ಕೂಡಿಸುವ ಮರಗಳ ಪಟ್ಟಿಯೊಂದಿದೆ. ಅರಣ್ಯ ಇಲಾಖೆಯವರು ನೆಟ್ಟು, ಆಗಾಗ ಸವರಿ ಇಟ್ಟದ್ದು. ಅದರ ಮೇಲೆ ಫ್ಲಡ್‌ಲೈಟ್ ಹಾಕಿಸುತ್ತೇವೆಂದು ಸೆಕ್ರೆಟರಿ ಹಟ ಹಿಡಿದರು. ಹಾಗೆ ಮಾಡಿದರೆ ಗುಡ್ಡದಿಂದ ಗುಡ್ಡಕ್ಕೆ ಹೋಗುವ ಪತಂಗಗಳ ದಾರಿ ತಪ್ಪುತ್ತದೆ ಎಂದೆ. ಮೀಟಿಂಗಿಗೆ ಮೀಟಿಂಗೇ ನಕ್ಕಿತು.

"ಸಂಡೇ ಸುಬಹ ದಿಖಾವೋ. ಹೈ ತೋ ಲೈಟ್ ಕ್ಯಾನ್ಸಲ್," ಎಂದರು ಸೆಕ್ರೆಟರಿ. ಭಾನುವಾರ ಬೆಳಿಗ್ಗೆ ಪತಂಗ ತೋರಿಸಿದರೆ ಲೈಟು ರದ್ದು.

ಪತಂಗ ಕರೆಯಲು ಒಂದು ಬಲ್ಬು, ಹಿಂದೊಂದು ಬಿಳಿ ಬಟ್ಟೆ ಸಾಕು. ಶನಿವಾರ ಸಂಜೆ ಹುಡುಕಿದರೆ ಮನೆಯ ಬೆಡ್‌ಶೀಟುಗಳ ತುಂಬ ಹೂವು, ನವಿಲು! ಅಚ್ಚ ಬಿಳಿಯದು ಒಂದೇ: ನಾಳೆಯ ಪೂಜೆಗೆಂದು ಮಾವನವರು ಬಾಲ್ಕನಿಯ ಎತ್ತರದ ಹಗ್ಗಕ್ಕೆ ಹಾಕಿದ್ದ ಮಡಿ ಧೋತರ. ಬೇರೆಯವರು ಮುಟ್ಟಿದರೆ ಮೈಲಿಗೆ. ನಾನು ಕೋಲಿನಿಂದಲೇ ಇಳಿಸಿದೆ, ಆದ್ದರಿಂದ ಮಡಿ ಕೆಟ್ಟಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಬಲ್ಬಿನ ಹಿಂದೆ, ಆ ಪಟ್ಟಿಯ ಮರಕ್ಕೆ ಕಟ್ಟುವಾಗ ಮಾತ್ರ ಕೈ ಬೇಕಾಯಿತು.

ಬೆಳಿಗ್ಗೆ ಹೋಗಿ ನೋಡಿದರೆ ಧೋತರದ ತುಂಬ ಅತಿಥಿಗಳು. ಒಣ ಎಲೆಯಂಥದ್ದು, ಹಕ್ಕಿ ಹಿಕ್ಕೆಯಂಥದ್ದು, ಎರಡೂ ಗುಡ್ಡಗಳಲ್ಲಿ ನಾನು ಕಂಡಿದ್ದ ಅದೇ ಎಳೆ ಹಸಿರಿನದು. ಖುಷಿಯಿಂದ ಕುಣಿಯುವಷ್ಟರಲ್ಲಿ ಮಾವನವರು ಒದ್ದೆ ಟವೆಲ್ಲಿನಲ್ಲೇ ಇಳಿದು ಬಂದರು.

"ಏನವಾ ಇದು? ನನ್ನ ಧೋತರ ಹೆಂಗ ತಗದಿ?"

"ಕೋಲಿಲೇ, ಮಾಮಾ."

"ಗಂಟು?"

ನಾನು ಹಸಿರು ಪತಂಗವನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

ಅಷ್ಟರಲ್ಲಿ ಸೆಕ್ರೆಟರಿ ಬಂದು, "ಅರೆ, ಹೇ ಕಾಯ್?" ಎಂದು, ಇದೇನೆಂದು ಕೇಳುತ್ತ ಬಟ್ಟೆ ಕೊಡವಲು ಕೈ ಚಾಚಿದರು. ಒಮ್ಮೆ ಕೊಡವಿದ್ದರೆ ನನ್ನ ಸಾಕ್ಷಿಗಳೆಲ್ಲ ಹಾರಿಹೋಗುತ್ತಿದ್ದವು.

"ಹಾಥ್ ಮತ್ ಲಗಾವೋ! ಮಡಿ ಅದ!" ಮುಟ್ಟಬೇಡವೆಂಬ ಮಾವನವರ ಗುಡುಗಿಗೆ ವಾಚ್‌ಮನ್ ಕೂಡ ಎದ್ದು ನಿಂತ.

ಸೆಕ್ರೆಟರಿ ಕೈ ಹಿಂದಕ್ಕೆ ಕಟ್ಟಿಕೊಂಡರು. ನಾನು ಒಂದೊಂದನ್ನೇ ತೋರಿಸುತ್ತ ಹೋದೆ, ಮಾವನವರು ಬೆರಳು ಮಡಚಿ ಎಣಿಸಿದರು. ಎರಡೂ ಕೈಗಳ ಬೆರಳು ಮುಗಿದು ಮತ್ತೆ ಹೆಬ್ಬೆರಳಿಗೆ ಬಂದಾಗ ಸೆಕ್ರೆಟರಿ ಸೋತರು. ಲೈಟು ಗೇಟಿನ ಕಡೆಗೆ ಹೋಯಿತು.

ಅಂದು ಮಾವನವರು ಟವೆಲ್ಲಿನಲ್ಲೇ ಪೂಜೆ ಮುಗಿಸಿದರು. ನನ್ನ ಜೊತೆ ವಾರವಿಡೀ ಮಾತಿಲ್ಲ. ನನಗೆ ನಿಜಕ್ಕೂ ಬೇಜಾರಾಗಿತ್ತು.

ಮುಂದಿನ ಶನಿವಾರ ಸಂಜೆ ಬಾಲ್ಕನಿಗೆ ಹೋದೆ. ಎತ್ತರದ ಹಗ್ಗದಲ್ಲಿ ಅವರ ಮಡಿ ಧೋತರ. ಕೆಳಗೆ, ನನ್ನ ಕೈಗೆ ಎಟಕುವ ಹಗ್ಗದಲ್ಲಿ, ಇನ್ನೊಂದು.