ಅಜ್ಜಿಯ ಬಾಯಲ್ಲಿ ಅಜ್ಜನ ಹೆಸರು

ಕಾರವಾರದಲ್ಲಿ ಹೈಸ್ಕೂಲು ಓದುವಾಗ ನನಗೆ ಫ್ಯಾಂಟಸಿ ಕಾದಂಬರಿಗಳ ಹುಚ್ಚು ಹಿಡಿದಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಲೈಬ್ರರಿಯಿಂದ ತಂದ ದಪ್ಪ ದಪ್ಪ ಪುಸ್ತಕಗಳಲ್ಲಿ ಮಂತ್ರವಾದಿಗಳು ಗಾಳಿಯ ನಿಜವಾದ ಹೆಸರು ಹಿಡಿದು ಕರೆದರೆ ಸಾಕು, ಬಿರುಗಾಳಿ ತೆಪ್ಪಗಾಗುತ್ತಿತ್ತು. ನಾನೂ ಕಡಲ ದಂಡೆಯಲ್ಲಿ ನಿಂತು ಅಲೆಗಳನ್ನು ಬಾಯಿಗೆ ಬಂದ ಹೆಸರಿಟ್ಟು ಕರೆದದ್ದುಂಟು. ಚಪ್ಪಲಿ ಒದ್ದೆಯಾದದ್ದಷ್ಟೇ ಲಾಭ.

ಮೇ ರಜೆಗೆ ಅಂಕೋಲೆಯ ಅಗಸೂರಿನ ಅಜ್ಜಿಮನೆಗೆ ಹೋದರೆ ಅಲ್ಲಿ ಅಜ್ಜಿಗೇ ಮಂತ್ರ ಬರುತ್ತಿತ್ತು. ಸರ್ಪಸುತ್ತು ಎದ್ದವರು, ಅಂದರೆ ಮೈಗೆ ಸುತ್ತು ಹಾಕಿದ ಹಾಗೆ ಉರಿಗುಳ್ಳೆ ಬಂದವರು, ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಅಜ್ಜಿ ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಹಚ್ಚುತ್ತ, ತುಟಿಯಲ್ಲೇ ಏನೋ ಗುಣುಗುಣು ಅನ್ನುತ್ತಿದ್ದಳು. ನಡುವೆ ಮೂರು ಸಲ ಕಾಯಿಲೆಯವರ ಹೆಸರು ಹೇಳಬೇಕು. ಉಳಿದ ಮಾತು ಏನೆಂದು ಮೊಮ್ಮಗಳು ನಾನು ಪೀಡಿಸದ ದಿನವಿಲ್ಲ. ಯಾರಿಗಾದರೂ ಹೇಳಿಕೊಟ್ಟರೆ ಕೊಟ್ಟವರ ಕೈಗುಣ ಹೋಗುತ್ತದೆ ಎಂದು ಅಜ್ಜಿ ನನ್ನನ್ನು ಓಡಿಸುತ್ತಿದ್ದಳು.

ಆ ವರ್ಷ ಅಜ್ಜನಿಗೇ ಸರ್ಪಸುತ್ತು ಎದ್ದಿತು. ಡಾಕ್ಟರು ಕೊಟ್ಟ ಗುಳಿಗೆ ನುಂಗಿ ಎರಡು ದಿನವಾದರೂ ಉರಿ ತಾಳಲಾರದೆ, ಅಂಗಿ ತೊಡಲಾಗದೆ ಗೋಡೆಗೆ ಮುಖ ಮಾಡಿ ಕೂತಿದ್ದ. ಅಜ್ಜಿ ಕೆಮ್ಮಣ್ಣು ಕಲಸಿದಳು, ಕೈ ಮುಂದೆ ಹೋಗಲಿಲ್ಲ. ಮದುವೆಯಾದಂದಿನಿಂದ ಅವಳು ಅಜ್ಜನ ಹೆಸರು ಹೇಳಿದವಳೇ ಅಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ನನ್ನ ಪಕ್ಕೆ ತಿವಿದು ನನ್ನಿಂದ ಹೇಳಿಸಿದ್ದಳು. ಹೆಂಡತಿಯಾದವಳು ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ ಎಂಬುದು ಅವಳ ನಂಬಿಕೆ. ಹೇಳಿದರೆ ಆಯುಷ್ಯಕ್ಕೆ ಕುತ್ತು, ಹೇಳದಿದ್ದರೆ ಮಂತ್ರ ತಾಗುವುದಿಲ್ಲ.

ಹೆಸರು ಬರುವಲ್ಲಿ ನಾನು ಹೇಳುತ್ತೇನೆ ಎಂದೆ. ಎಲ್ಲ ಒಂದೇ ಬಾಯಿಂದ ಬರಬೇಕಂತೆ. ಹಾಗಾದರೆ ಮಂತ್ರವನ್ನೇ ನನಗೆ ಕೊಟ್ಟುಬಿಡು ಎಂದೆ. ಖರೆ ಹೇಳುವುದಾದರೆ, ಅಜ್ಜನ ಉರಿಗಿಂತ ಆ ಮಾತುಗಳ ಆಸೆಯೇ ನನಗೆ ಜಾಸ್ತಿಯಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಜ್ಜಿ ನನ್ನನ್ನೇ ನೋಡಿದಳು. ಕೊಟ್ಟೇ ಬಿಡುತ್ತಾಳೆ ಅಂದುಕೊಂಡೆ.

"ನಿಂಗೆ ಕೊಟ್ರೆ ನಾಳೆ ಜಗಲಿಗೆ ಬಂದವ್ರಿಗೆ ಎಂತ ಹೇಳುದು ತಂಗಿ? ನೀ ಹೊರಗೆ ಹೋಗು," ಎಂದು ಬಾಗಿಲು ಹಾಕಿಕೊಂಡಳು.

ಬಾಗಿಲಿಗೆ ಕಿವಿ ಹಚ್ಚಿದೆ. ಗುಣುಗುಣು ಕೇಳಿಸಿತು, ನಿಂತಿತು. ಮತ್ತೆ ಶುರುವಾಯಿತು. ಹೆಸರು ಹೇಳಿದಳೋ ಇಲ್ಲವೋ ತಿಳಿಯಲಿಲ್ಲ. ಹೊರಬಂದ ಅಜ್ಜಿ ನೆಟ್ಟಗೆ ತುಳಸಿಕಟ್ಟೆಗೆ ಹೋಗಿ ಕೈಮುಗಿದು ನಿಂತಳು. ಕೈಯ ಕೆಮ್ಮಣ್ಣನ್ನೂ ತೊಳೆದಿರಲಿಲ್ಲ.

ನಾನು ಅಜ್ಜನ ಬಳಿ ಓಡಿದೆ. ಮಂತ್ರದಲ್ಲಿ ಯಾವ ಯಾವ ಮಾತಿದ್ದವು, ಅಷ್ಟು ಹತ್ತಿರ ಕೂತವನಿಗೆ ಕೇಳಿರಲೇಬೇಕಲ್ಲ ಎಂದು ಗಂಟುಬಿದ್ದೆ. ಅಜ್ಜ ಗೋಡೆ ಬಿಟ್ಟು ಈಚೆ ತಿರುಗಿದ್ದ.

"ಅವ್ಳ ಬಾಯಲ್ಲಿ ನನ್ ಹೆಸ್ರು ಕೇಳಿಸ್ತು ತಂಗಿ," ಎಂದ. "ಆಮೇಲೆ ಎಂತದೂ ಕೇಳಿಸ್ಲಿಲ್ಲ."