ಭರಮಕ್ಕನ ಹತ್ತು ಜೋಳದ ಕಾಳು

ಭರಮಕ್ಕನಿಗೆ ನಾನೊಮ್ಮೆ ಕೆಟ್ಟ ಬುದ್ಧಿ ಹೇಳಿದ್ದೆ. ಅದನ್ನು ಮುಚ್ಚಿಟ್ಟು ಅವಳನ್ನು ಹೊಗಳಲಾರೆ.

ಕೊಟ್ಟೂರಿನಲ್ಲಿ ನೂಲಿಗೆ ಬಣ್ಣ ಹಾಕುವ ಶೆಡ್ಡೊಂದಿತ್ತು. ನಾನು ಅಲ್ಲಿ ಒಲೆ ಉರಿಸುವವನು, ಅವಳು ನೂಲು ಜಾಲಿಸುವವಳು. ಜಾಲಿಸಿದ ನೀರು ಶೆಡ್ಡಿನ ಹಿಂದಿನ ಗುಂಡಿಗೆ ಹೋಗಿ ನೆಲಕ್ಕೆ ಇಂಗುತ್ತಿತ್ತು. ಎಂಬತ್ತೈದರ ಬೇಸಿಗೆಯಲ್ಲಿ ನಮ್ಮ ಓಣಿಯ ಬಾವಿ ನೀರೂ ಕೆಂಪಾಯಿತು. ಎರಡು ತಿಂಗಳಲ್ಲಿ ಸರಿಮಾಡದಿದ್ದರೆ ಶೆಡ್ಡು ಮುಚ್ಚಿಸುತ್ತೇವೆ ಎಂದರು ಪಂಚಾಯಿತಿಯವರು. ಮುಚ್ಚಿದರೆ ಇಪ್ಪತ್ತು ಮನೆಗೆ ಕೂಲಿಯಿಲ್ಲ, ಮುಚ್ಚದಿದ್ದರೆ ಕುಡಿಯಲು ನೀರಿಲ್ಲ.

ಗುಂಡಿಯ ಮೂಲೆಯಲ್ಲಿ ನಾನೇ ಬಿಸಾಕಿದ್ದ ಹುಣಸೆ ಕೊರಡು ಕೊಳೆತು ಬಿಳಿ ಬೂಷ್ಟು ಹಿಡಿದಿತ್ತು. ಅದರ ಸುತ್ತ ಮಾತ್ರ ನೀರು ತಿಳಿಯಾಗಿತ್ತು. ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದ ನನ್ನ ಕಣ್ಣಿಗೆ ಅದು ಬೀಳಲಿಲ್ಲ, ಭರಮಕ್ಕನಿಗೆ ಬಿತ್ತು. ಒಂದು ಚಕ್ಕೆ ಸೆರಗಿನಲ್ಲಿ ಕಟ್ಟಿಕೊಂಡು ಕಾಲೇಜಿನ ವಿಜ್ಞಾನದ ಮೇಷ್ಟ್ರು ಪಾಲಾಕ್ಷಪ್ಪನವರ ಬಳಿ ಹೋದಳು.

"ಈ ಬೂಷ್ಟು ಕಟ್ಟಿಗಿ ತಿನ್ನಾಕ ಒಂದು ರಸ ಬಿಡತೈತವ್ವ, ಕಿಣ್ವ ಅಂತಾರ," ಎಂದರು ಅವರು. "ಕಟ್ಟಿಗೀನ ಬಿಚ್ಚೋ ರಸ, ಬಣ್ಣಾನೂ ಬಿಚ್ಚತೈತಿ."

ಅಷ್ಟೇ ಸಾಕಾಯಿತು. ಮನೆ ಹಿತ್ತಲಲ್ಲಿ ಅಗಲ ಬಾಯಿಯ ಮಡಿಕೆಗಳನ್ನಿಟ್ಟು, ಜೋಳದ ದಂಟು, ಕೊಳೆತ ಚಕ್ಕೆ, ಒಂದು ಸೌಟು ಗಂಜಿ ಹಾಕಿ ಬಣ್ಣದ ನೀರು ತುಂಬಿದಳು. ಮೊದಲ ಸಲ ಹುಳು ಬಿತ್ತು. ಎರಡನೆಯ ಸಲ ನಾತಕ್ಕೆ ಓಣಿಯೇ ಮೂಗು ಮುಚ್ಚಿಕೊಂಡಿತು, ನಾನೂ ನಕ್ಕೆ. ಮೂರನೆಯ ಸಲ, ಹನ್ನೆರಡನೇ ದಿನಕ್ಕೆ, ನೀರು ತಿಳಿಯಾಗಿ ಮಡಿಕೆಯ ತಳ ಕಂಡಿತು.

ಶೆಡ್ಡಿನ ಸಾವುಕಾರ ಗುರುಸಂಗಪ್ಪ ಹಿಗ್ಗಿ ಪಂಚಾಯಿತಿಯವರನ್ನು ಕರೆಸಿದ. ಅವರು ಬರುವ ಬೆಳಿಗ್ಗೆ ಭರಮಕ್ಕ ನನಗೊಂದು ಒದ್ದೆ ಬಟ್ಟೆ ಬಿಚ್ಚಿ ತೋರಿಸಿದಳು. ಬಿತ್ತುವ ಮುಂಚೆ ಬೀಜ ಪರೀಕ್ಷೆ ಮಾಡುತ್ತೇವಲ್ಲ, ಹಾಗೆ ಮಡಿಕೆಯ ನೀರಿನಲ್ಲಿ ಹತ್ತು ಜೋಳ ನೆನೆಸಿ ಕಟ್ಟಿದ್ದಳು. ಆರು ಮೊಳೆತಿದ್ದವು, ನಾಲ್ಕು ಸತ್ತಿದ್ದವು.

"ನೀರು ತೋರಿಸು, ಸಾಕು," ಎಂದೆ. "ಕಾಳಿನ ಸುದ್ದಿ ಯಾರು ಕೇಳ್ತಾರಕ್ಕ?"

ಅವಳು ಬಟ್ಟೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪಂಚಾಯಿತಿಯ ಹಿರಿಯರು ಗಾಜಿನ ಲೋಟ ಬೆಳಕಿಗೆ ಹಿಡಿದು, "ತಿಳಿ ಐತಲ್ಲ, ಇನ್ನ ಗುಂಡಿಗೆ ಬಿಡಬೌದು," ಎಂದರು. ಗುರುಸಂಗಪ್ಪ ಆಗಲೇ ಕೈಮುಗಿದಿದ್ದ. ಭರಮಕ್ಕ ಮುಂದೆ ಬಂದು ಬಟ್ಟೆ ಬಿಚ್ಚಿದಳು.

"ಬಣ್ಣ ಹೋಗೇತ್ರಿ, ವಿಷ ಪೂರಾ ಹೋಗಿಲ್ಲ. ಬರೇ ಬಣ್ಣದ ನೀರಾಗ ಒಂದೂ ಮೊಳೀಲಿಲ್ಲ, ಇದರಾಗ ಆರು ಮೊಳತಾವ. ಬಾವಿ ನೀರು ನನ್ನ ಮೊಮ್ಮಗಳೂ ಕುಡಿತಾಳ್ರಿ. ಹತ್ತಕ್ಕ ಹತ್ತೂ ಮೊಳಿಯೋತನಕ ಬಿಡಬ್ಯಾಡ್ರಿ."

ಕೆಲಸ ಹೋಯಿತು ಎಂದುಕೊಂಡೆ. ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹಿರಿಯರು ಬಹಳ ಹೊತ್ತು ಕಾಳು ನೋಡಿದರು. ಆಮೇಲೆ, ಬಾವಿಯಿಂದ ದೂರ ಕಲ್ಲು-ಗಾರೆಯ ತೊಟ್ಟಿ ಕಟ್ಟಿಸಿ ನೀರನ್ನು ಅದರಲ್ಲೇ ಹಿಡಿದಿಡಬೇಕು ಎಂದು ಸಾವುಕಾರನಿಗೆ ಹೇಳಿ, ಭರಮಕ್ಕನಿಗೆ ಇನ್ನೂ ಆರು ತಿಂಗಳು ಕೊಟ್ಟರು.

ದೀಪಾವಳಿ ಮುಗಿದ ವಾರ ಅವಳು ಹೊಸದಾಗಿ ಹತ್ತು ಕಾಳು ನೆನೆಸಿ ಕಟ್ಟಿದ್ದ ಒದ್ದೆ ಗಂಟನ್ನು ನನ್ನ ಕೈಗೇ ಕೊಟ್ಟಳು. "ನೀನ ಎಣಸೋ ತಮ್ಮಾ."

ಎರಡು ಸಲ ಎಣಿಸಿದೆ. ಹತ್ತು ಎಂದುಬಿಡಬಹುದಿತ್ತು, ಅವಳು ಮತ್ತೆ ಎಣಿಸಿ ನೋಡುತ್ತಿರಲಿಲ್ಲ.

"ಒಂಬತ್ತು ಅಕ್ಕ," ಎಂದೆ.

"ಹಂಗಾರ ಗಂಜಿ ತಗೊಂಬಾ," ಎಂದು ಅವಳು ಮತ್ತೆ ಮಡಿಕೆ ತೊಳೆಯಲು ಕೂತಳು.