ಅಣ್ಣನ ರಾಜ, ತಂಗಿಯ ಬಾಣಲೆ

ಆಲೂಗಡ್ಡೆ ಸಂಶೋಧನಾ ಕೇಂದ್ರದಲ್ಲಿ ಅಣ್ಣ ಬೆಳೆಯುತ್ತಿದ್ದ, ತಂಗಿ ಕರಿಯುತ್ತಿದ್ದಳು. ಹೊಸ ತಳಿಗಳನ್ನು ನೆಟ್ಟು, ಅಗೆದು, ತೂಗಿ ನೋಡುವುದು ಅವನ ಕೆಲಸ. ಅವೇ ಗಡ್ಡೆಗಳನ್ನು ತೆಳ್ಳಗೆ ಹೆಚ್ಚಿ, ಎಣ್ಣೆಗೆ ಬಿಟ್ಟು, ಬಣ್ಣ ನೋಡಿ ಅಂಕ ಕೊಡುವುದು ಅವಳದು. ಎಲ್ಲರ ಬಾಯಲ್ಲೂ ಅವಳು ಚಿಪ್ಸಕ್ಕ. ಕೂದಲಿಗೆ ಹತ್ತಿದ ವಾಸನೆ ಎಷ್ಟೆಂದರೆ, ಅವಳು ಬಸ್ಸು ಹತ್ತಿದರೆ ಪಕ್ಕದವರಿಗೆ ಹಸಿವಾಗುತ್ತಿತ್ತು. ಆ ವಾಸನೆಯ ನೆಪದಲ್ಲೇ ಮಾತಿಗಿಳಿದ ಕಂಡಕ್ಟರ್ ಒಬ್ಬ ಮುಂದೆ ಅವಳ ಗಂಡನೂ ಆದ.

ಅಣ್ಣನಿಗೆ ತಾನು ಬೆಳೆಸಿದ ಒಂದು ತಳಿಯ ಮೇಲೆ ಜೀವ. ಕೈತುಂಬುವ ಗಾತ್ರ, ಮೊಳಕೆಯೊಡೆಯುವ ಕಡೆ ನಸುಗೆಂಪು ಕಣ್ಣು. ರಾಜ ಎಂದು ಕರೆಯುತ್ತಿದ್ದ. ಅದರ ಪಕ್ಕದ ಸಾಲಿನ ಗಿಡ್ಡ ತಳಿಗೆ ಅವನೇ ಇಟ್ಟ ಹೆಸರು ಸಪ್ಪೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ತಂಗಿ ನಗುತ್ತಿದ್ದಳು.

ಮರಳು ನೆಲದಲ್ಲಿ ರಾಜ ಚೀಲ ಹರಿಯುವಷ್ಟು ಇಳುವರಿ ಕೊಟ್ಟ. ಜೇಡಿ ನೆಲದಲ್ಲಿ ನೆಲ ಕಚ್ಚಿದ. ಸಪ್ಪೆ ಎಲ್ಲಿ ನೆಟ್ಟರೂ, ಮಳೆ ಹೆಚ್ಚಾದರೂ ಕಡಿಮೆಯಾದರೂ, ಹೆಚ್ಚುಕಡಿಮೆ ಒಂದೇ ಸಮನಾಗಿ ಕೊಡುತ್ತಿತ್ತು.

ಚಿಪ್ಸ್ ಕಾರ್ಖಾನೆಯವರಿಗೆ ವರ್ಷಪೂರ್ತಿ ಗಡ್ಡೆ ಬೇಕು. ಹಾಗಾಗಿ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇಟ್ಟ ಮೇಲೂ ಕರಿದು ನೋಡಬೇಕಿತ್ತು. ಚಳಿಗೆ ಕೆಲವು ಗಡ್ಡೆಗಳಲ್ಲಿ ಸಕ್ಕರೆ ಏರುತ್ತದೆ; ಎಣ್ಣೆಗೆ ಬಿದ್ದರೆ ಕಪ್ಪಾಗುತ್ತವೆ. ಅಲ್ಲಿಂದ ಬಂದ ಚೀಲದ ಮೇಲೆ ಬರೀ ನಂಬರು ಇದ್ದರೂ ನಸುಗೆಂಪು ಕಣ್ಣು ಕಂಡೊಡನೆ ಇದು ರಾಜ ಎಂದು ಚಿಪ್ಸಕ್ಕನಿಗೆ ಗೊತ್ತಾಯಿತು. ಅಷ್ಟರಲ್ಲಿ ಅಣ್ಣನೂ ಒಳಗೆ ಬಂದ.

"ಇದನ್ನ ಸ್ವಲ್ಪ ಬೇಗ ತೆಗೆದುಬಿಡೇ. ಬೆಳ್ಳಗಿರುತ್ತೆ."

"ಎಲ್ಲಕ್ಕೂ ಒಂದೇ ಹೊತ್ತು ಕಣೋ."

"ನಾನು ನಿನ್ನ ಒಡಹುಟ್ಟಿದೋನು."

"ಗಡ್ಡೆ ನನ್ನ ಒಡಹುಟ್ಟಿದ್ದಲ್ಲವಲ್ಲ."

ಕರಿದ ರಾಜ ನಿಜಕ್ಕೂ ಕರಿಯಾದ. ಸಪ್ಪೆ ಮಾತ್ರ ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಯಿತು. ಅವಳು ಕಂಡದ್ದಕ್ಕೆ ತಕ್ಕ ಅಂಕ ಕೊಟ್ಟಳು. ಅಣ್ಣ ಮುಖ ಗಂಟು ಹಾಕಿಕೊಂಡು ಹೊರಟ.

ಆಮೇಲೆ ಕ್ಯಾಂಟೀನಿನಲ್ಲಿ ಅವನು ಬೇರೆ ಮೇಜು ಹುಡುಕತೊಡಗಿದ. ಹೊರಗೆ ನಗುತ್ತಿದ್ದರೂ ತಂಗಿಗೆ ಮನೆಯಲ್ಲಿ ಊಟ ಸೇರದಾಯಿತು.

"ಹೋಗಿ ಮಾತಾಡಿಸ್ಲಾ?" ಎಂದು ಗಂಡನನ್ನು ಕೇಳಿದಳು.

"ಬೇಡ. ಅವ್ನಿಗೂ ಕಣ್ಣಿದೆ. ನೋಡ್ಲಿ ಬಿಡು," ಎಂದ ಕಂಡಕ್ಟರ್.

ಅಣ್ಣ ನೋಡಿದ್ದ. ಯಾರಿಗೂ ಹೇಳದೆ ತನ್ನ ಮನೆಯ ಒಲೆಯ ಮೇಲೆ ರಾಜನನ್ನು ಮತ್ತೆ ಮತ್ತೆ ಕರಿದಿದ್ದ. ಹೆಂಡತಿ ಕೊನೆಗೆ ಎಣ್ಣೆ ಡಬ್ಬಿಯನ್ನೇ ಬಚ್ಚಿಟ್ಟಳಂತೆ.

ತಳಿ ಆರಿಸುವ ಸಭೆಯಲ್ಲಿ ಯಾರೂ ಕೇಳುವ ಮೊದಲೇ ಅವನು ಎದ್ದು ನಿಂತ. "ಕಾರ್ಖಾನೆಗೆ ಸಪ್ಪೆ ಕೊಡಿ. ರಾಜ ಮರಳು ನೆಲದೋರಿಗಿರಲಿ, ಬೇಯಿಸಿ ತಿನ್ನೋಕೆ. ಕರಿಯೋ ವಿಷಯದಲ್ಲಿ ನನ್ನ ತಂಗಿ ಹೇಳಿದ್ದೇ ಸರಿ." ಚಿಪ್ಸಕ್ಕ ಕುರ್ಚಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಅವನು ಬಂದು ಕುಳಿತ.

ಮುಂದಿನ ಹಂಗಾಮಿನಲ್ಲಿ ಅವನು ರಾಜನ ಪರಾಗವನ್ನು ಸಪ್ಪೆಯ ಹೂವಿಗೆ ಮುಟ್ಟಿಸಿದ. ಗಿಡದ ಆಚೆ ಬದಿಯಲ್ಲಿ ಹೂಗೊಂಚಲು ಹಿಡಿದು ತಂಗಿಯೇ ಕುಳಿತಿದ್ದಳು.

"ಮಕ್ಕಳು ಹೇಗಿರ್ತವೋ," ಎಂದ ಅಣ್ಣ.

"ಬೆಳೀಲಿ, ಆಮೇಲೆ ನೋಡೋಣ," ಎಂದಳು.